ಸಿಡಿ4 ಚೆನ್ನಾಗಿದೆ, ಆದರೂ ನ್ಯುಮೋನಿಯಾ ಏಕೆ?

ಪ್ರಶ್ನೆ: ನನ್ನ ಗಂಡನಿಗೆ ಎಚ್‌ಐವಿ ಇದೆ, ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಆರು ವರ್ಷದಿಂದ ತಪ್ಪಿಸಿಲ್ಲ. ಸಿಡಿ4 540 ಇದೆ, ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆ. ಆದರೂ ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಬೇಕಾಯಿತು. ಮಾತ್ರೆ ಕೆಲಸ ಮಾಡುತ್ತಿಲ್ಲವೇ ಡಾಕ್ಟರೇ?
– ಹೆಸರು ಬೇಡ, ಗದಗ

ಉತ್ತರ: ಮಾತ್ರೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ತಾಯಿ, ನಿಲ್ಲಿಸಬೇಡಿ. ಆದರೆ ನೀವು ಬರೆದ ಎರಡೂ ಅಂಕಿಗಳು ರಕ್ತದ್ದು: ಸಿಡಿ4 ಎಂದರೆ ರಕ್ತದಲ್ಲಿರುವ ಒಂದು ಬಗೆಯ ರಕ್ಷಣಾ ಕೋಶಗಳ ಎಣಿಕೆ, ವೈರಲ್ ಲೋಡ್ ಎಂದರೆ ರಕ್ತದಲ್ಲಿರುವ ಎಚ್‌ಐವಿ ವೈರಸ್ಸಿನ ಪ್ರಮಾಣ. ಶ್ವಾಸಕೋಶದ ಒಳಗಿನ ಸ್ಥಿತಿಯನ್ನು ಅವು ಹೇಳುವುದಿಲ್ಲ.

ಉಸಿರಿನೊಂದಿಗೆ ಬಂದ ರೋಗಾಣುವನ್ನು ಮೊದಲು ತಡೆಯುವುದು ಶ್ವಾಸನಾಳದ ಲೋಳೆ ಮತ್ತು ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು. ಅಲ್ಲಿ ತಪ್ಪಿಸಿಕೊಂಡು ಗಾಳಿಗೂಡಿಗೆ ಇಳಿದದ್ದನ್ನು ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ನುಂಗಿ ಅರಗಿಸುತ್ತವೆ. ಇದು ಹುಟ್ಟಿನಿಂದ ಬಂದ ರಕ್ಷಣೆ. ತೊಂದರೆ ಏನೆಂದರೆ, ಆ ರಕ್ತಕೋಶಗಳಿಗೆ ಹೆಸರು ಕೊಟ್ಟ, ಎಚ್‌ಐವಿ ಹಿಡಿದುಕೊಳ್ಳುವ ಸಿಡಿ4 ಎಂಬ ಪ್ರೋಟೀನ್ ಮ್ಯಾಕ್ರೋಫೇಜ್‌ಗಳ ಮೈಮೇಲೂ ಇರುವುದರಿಂದ ಎಚ್‌ಐವಿ ಅವುಗಳೊಳಗೂ ಹೊಗುತ್ತದೆ. ಹೊಕ್ಕರೂ ಅವು ಬೇಗ ಸಾಯುವುದಿಲ್ಲ, ವೈರಸ್ಸನ್ನು ಒಳಗಿಟ್ಟುಕೊಂಡೇ ಬಹುಕಾಲ ಬದುಕುತ್ತವೆ. ಎಆರ್‌ಟಿ ಇನ್ನೂ ಶುರುವಾಗದವರ ಶ್ವಾಸಕೋಶದ ಕೋಶಗಳನ್ನು ಮಲಾವಿ ದೇಶದಲ್ಲಿ ಪರೀಕ್ಷಿಸಿದಾಗ, ವೈರಸ್ ಹೊಕ್ಕ ಮ್ಯಾಕ್ರೋಫೇಜ್‌ಗಳಲ್ಲಿ ನುಂಗುವ ಶಕ್ತಿ ಕುಂದಿತ್ತು. ಪಕ್ಕದಲ್ಲೇ ಇದ್ದ, ವೈರಸ್ ಇಲ್ಲದವು ಸರಿಯಾಗಿದ್ದವು.

ಟಿಬಿ ವಿಷಯದಲ್ಲಿ ಇದು ಇನ್ನೂ ಗಂಭೀರ. ಟಿಬಿ ರೋಗಾಣು ಹೊಕ್ಕ ಮ್ಯಾಕ್ರೋಫೇಜ್ ಎಷ್ಟೋ ಸಲ ತಾನೇ ಸತ್ತು ಅದಕ್ಕೆ ನೆಲೆ ಇಲ್ಲದಂತೆ ಮಾಡುತ್ತದೆ. ಎಚ್‌ಐವಿ ಇದ್ದಲ್ಲಿ ಹಾಗೆ ಸಾಯುವುದು ಕಡಿಮೆಯಾಗುತ್ತದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲಿ ಎಚ್‌ಐವಿ ತಗುಲಿದ ಮೊದಲ ವರ್ಷದಲ್ಲೇ ಟಿಬಿ ಇಮ್ಮಡಿಯಾಗಿತ್ತು. ಸಾಮಾನ್ಯವಾಗಿ ಸಿಡಿ4 ತೀರಾ ಕುಸಿಯುವುದು ಅದಕ್ಕಿಂತ ಎಷ್ಟೋ ವರ್ಷಗಳ ನಂತರ.

ಎಆರ್‌ಟಿ ಈ ಅಪಾಯವನ್ನು ಬಹಳ ಇಳಿಸುತ್ತದೆ, ಆದರೆ ಪೂರ್ತಿ ಅಳಿಸುವುದಿಲ್ಲ. ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಎಚ್‌ಐವಿ ಇರುವವರಿಗೆ ಉಳಿದವರಿಗಿಂತ ಹೆಚ್ಚೇ.

ನಿಮ್ಮವರು ಬೀಡಿ, ಸಿಗರೇಟು ಸೇದುತ್ತಾರೆಯೇ ಎಂದು ನೀವು ಬರೆದಿಲ್ಲ. ಸೇದುತ್ತಿದ್ದರೆ ಮೊದಲು ಅದನ್ನು ಬಿಡಿಸಿ. ಹೊಗೆ ಆ ರೋಮಗಳನ್ನೂ ಮ್ಯಾಕ್ರೋಫೇಜ್‌ಗಳನ್ನೂ ಒಟ್ಟಿಗೇ ಕೆಡಿಸುತ್ತದೆ. ನ್ಯುಮೊಕಾಕಸ್ ಮತ್ತು ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಟಿಬಿ ಬಾರದಂತೆ ಕೊಡುವ ಐಸೋನಿಯಾಜಿಡ್ ಮಾತ್ರೆಯ ಆರು ತಿಂಗಳ ಕೋರ್ಸ್ ಆಗಿದೆಯೇ ಎಂದು ಎಆರ್‌ಟಿ ಪುಸ್ತಕದಲ್ಲಿ ನೋಡಿ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇವೆಯೇ ಎಂದು ಎಆರ್‌ಟಿ ಕೇಂದ್ರದಲ್ಲಿ ಪ್ರತಿ ಸಲ ಕೇಳುತ್ತಾರಲ್ಲ, ಬೇಸರದಿಂದ ‘ಏನಿಲ್ಲ’ ಅಂದುಬಿಡುವವರೇ ಹೆಚ್ಚು. ನಾಲ್ಕರಲ್ಲಿ ಒಂದಿದ್ದರೂ ಹೇಳಲಿ, ಕಫ ಪರೀಕ್ಷೆ ಮಾಡಿಸಲಿ.