ಓದುಗರ ಪ್ರಶ್ನೆ: ಡೀಲರ್ ಕಾನೂನು, ಸರ್ಕಾರಿ ಸಾಲ ಮತ್ತು ನಿಮ್ಮ ಎಲೆಕ್ಟ್ರಿಕ್ ಕಾರು

ಪ್ರಶ್ನೆ: ಅಮೆರಿಕದ ಕೆಲವು ರಾಜ್ಯಗಳಲ್ಲಿ ಕಾರು ಕಂಪನಿ ತಾನೇ ಗಿರಾಕಿಗೆ ಮಾರುವಂತಿಲ್ಲ, ಡೀಲರ್ ಮೂಲಕವೇ ಮಾರಬೇಕು ಎಂದು ಓದಿದೆ. ಮಾಡಿದವನೇ ಮಾರಬಾರದು ಅಂದರೆ ಇದೆಂಥ ನ್ಯಾಯ?
– ಹತ್ತಿ ವ್ಯಾಪಾರಿ, ವಿಜಯಪುರ

ಉತ್ತರ: ಹುಟ್ಟಿದ ಕಾಲಕ್ಕೆ ಆ ಕಾನೂನು ನ್ಯಾಯದ್ದೇ. 1920-21ರಲ್ಲಿ ವ್ಯಾಪಾರ ಬಿದ್ದಾಗ ಹೆನ್ರಿ ಫೋರ್ಡ್ ಕೇಳದ ಕಾರುಗಳನ್ನೂ ಡೀಲರ್‌ಗಳ ಊರಿಗೆ ಕಳಿಸಿದ. ರೊಕ್ಕ ಕಟ್ಟಿ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಏಜೆನ್ಸಿ ಕೈತಪ್ಪುವ ಭಯ. ಸಾಲ ಮಾಡಿ ಕಟ್ಟಡ ಕಟ್ಟಿಸಿದ, ಮೆಕ್ಯಾನಿಕ್‌ಗಳಿಗೆ ತಿಂಗಳ ಪಗಾರ ಕೊಡುವ ಡೀಲರ್ ಕಂಪನಿಯ ಎದುರು ಏನೂ ಮಾಡುವಂತಿರಲಿಲ್ಲ. ಅದಕ್ಕೇ 1956ರಲ್ಲಿ ಕೇಂದ್ರ ಕಾನೂನು ಬಂತು. ಒಪ್ಪಂದದಲ್ಲಿ ಮೋಸ, ಬೆದರಿಕೆ ನಡೆಸಿದ ಕಂಪನಿಯನ್ನು ಡೀಲರ್ ಕೋರ್ಟಿಗೆ ಎಳೆಯಬಹುದಾಯಿತು. ರಾಜ್ಯಗಳು ಮುಂದೆ ಹೋಗಿ, ತನ್ನದೇ ಡೀಲರ್‌ನ ಎದುರು ಕಂಪನಿ ಸ್ವಂತ ಅಂಗಡಿ ತೆರೆದು ಅವನನ್ನು ಮುಳುಗಿಸಬಾರದು ಎಂದವು.

ಗಿರಾಕಿಗೆ ನೇರವಾಗಿ ಮಾರುವ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಟೆಸ್ಲಾಗೆ ಡೀಲರ್‌ಗಳೇ ಇಲ್ಲ. ಹಾಗಿದ್ದ ಮೇಲೆ ಅದು ಮುಳುಗಿಸುವುದು ಯಾರನ್ನು? 2014ರ ಸೆಪ್ಟೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯ ಹೇಳಿದ್ದೂ ಇದನ್ನೇ: ಈ ಕಾನೂನು ಡೀಲರ್‌ಗೆ ತನ್ನ ಕಂಪನಿಯಿಂದ ರಕ್ಷಣೆ ಕೊಡುತ್ತದೆ, ಸಂಬಂಧವಿಲ್ಲದ ಪೈಪೋಟಿದಾರನಿಂದ ಅಲ್ಲ. ಅದೇ ವರ್ಷ ಮಿಶಿಗನ್ ಮಾತ್ರ ನೇರ ಮಾರಾಟದ ಬಾಗಿಲನ್ನು ಇನ್ನೂ ಬಿಗಿ ಮಾಡಿತು. 2020ರ ಜನವರಿಯ ರಾಜಿಯ ನಂತರ ಅಲ್ಲಿ ಕಾರು ತಲುಪಿಸಬಹುದು, ಆದರೆ ಮಾರಾಟದ ಕಾಗದ ರಾಜ್ಯದ ಹೊರಗೆ ಆಗಬೇಕು. ಟೆಕ್ಸಾಸ್‌ನಲ್ಲಿ ಟೆಸ್ಲಾದ ದೊಡ್ಡ ಕಾರ್ಖಾನೆಯೇ ಇದೆ. ಆ ರಾಜ್ಯದ ಅಂಗಡಿಯಲ್ಲಿ ಕಾರು ನೋಡಬಹುದು, ಕೊಳ್ಳಲು ಆನ್‌ಲೈನ್‌ಗೇ ಹೋಗಬೇಕು. ಕಂಪನಿ ಮತ್ತು ಅದರ ಡೀಲರ್ ನಡುವಿನ ರಕ್ಷಣೆ ಸರಿ. ಬೇರೆಯವರ ದಾರಿಗೆ ಅದನ್ನೇ ಅಡ್ಡ ಇಟ್ಟರೆ ಕೊಳ್ಳುವವನಿಗೆ ಅನ್ಯಾಯ.

ನಮ್ಮಲ್ಲಿ ಕೊರತೆ ತದ್ವಿರುದ್ಧವಾದದ್ದು. ಇಲ್ಲಿ ಡೀಲರ್‌ಗಾಗಿ ಪ್ರತ್ಯೇಕ ಕಾನೂನೇ ಇಲ್ಲ, ಇರುವುದು ಕಂಪನಿ ಬರೆದ ಒಪ್ಪಂದ. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಡೀಲರ್‌ಗಳು ಪರಿಹಾರಕ್ಕೆ ಆ ಕಂಪನಿಯ ಮುಂದೆಯೇ ಕೂರಬೇಕಾಯಿತು. ಅದರ ಮರುತಿಂಗಳು ಮರ್ಸಿಡಿಸ್ ಇಲ್ಲಿ ಬೇರೆ ದಾರಿ ಹಿಡಿಯಿತು: ಕಾರಿನ ದಾಸ್ತಾನು ಕಂಪನಿಯದು, ಬಿಲ್ಲು ಕಂಪನಿಯದು, ಡೀಲರ್‌ಗೆ ಕಮಿಷನ್. ಮಾರಾಟವಾಗದ ಕಾರಿಗೆ ಡೀಲರ್ ಬಡ್ಡಿ ಕಟ್ಟುವುದು ತಪ್ಪುವ ಈ ಪದ್ಧತಿ ನಮಗೆ ಹೆಚ್ಚು ಸರಿ ಕಾಣುತ್ತದೆ.

ಪ್ರಶ್ನೆ: ಕಂಪನಿಯ ಸ್ವಂತ ಮಳಿಗೆಯಲ್ಲಿ ಕೊಳ್ಳುವಾಗ ಏನು ನೋಡಬೇಕು?
– ಕಾಲೇಜು ಉಪನ್ಯಾಸಕಿ, ಬೆಳಗಾವಿ

ಉತ್ತರ: ಭಾರತದಲ್ಲಿ ನೇರ ಮಾರಾಟಕ್ಕೆ ಅಡ್ಡಿಯಿಲ್ಲ. ಆದರೆ ನೋಂದಣಿಯಾಗದ ವಾಹನ ಇಟ್ಟುಕೊಂಡು ಮಾರಲು ಆರ್‌ಟಿಒ ಕೊಟ್ಟ ಟ್ರೇಡ್ ಸರ್ಟಿಫಿಕೇಟ್ ಬೇಕು. ಅದು ನಮೂನೆ 17ರಲ್ಲಿರುತ್ತದೆ, ಕೇಳಿ ನೋಡಿ. ವಿಮೆ ಅಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಕಾರು ಒಯ್ಯುವ ದಿನ 17 ಅಕ್ಷರ-ಅಂಕಿಗಳ ಚಾಸಿ ನಂಬರು ಮತ್ತು ಮೋಟರ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿ. ಬ್ಯಾಟರಿಯ ಸೀರಿಯಲ್ ನಂಬರನ್ನೂ ವಾರಂಟಿ ಕಾಗದದಲ್ಲಿ ಬರೆಸಿಕೊಳ್ಳಿ. ಮುಂದೆ ಜಗಳ ಬಂದರೆ ಅದು ಬ್ಯಾಟರಿಯ ಬಗ್ಗೆಯೇ ಬರುತ್ತದೆ.

ಪ್ರಶ್ನೆ: ಟೆಸ್ಲಾಗೆ ಅಮೆರಿಕ ಸರ್ಕಾರ ಸಾಲ ಕೊಟ್ಟಿತ್ತಂತೆ. ತೆರಿಗೆ ಹಣ ಹೀಗೆ ಖಾಸಗಿಯವರಿಗೆ ಕೊಡುವುದು ಸರಿಯೇ? ರೈತ ಸಾಲ ಕೇಳಿದರೆ ಹತ್ತು ಕಾಗದ ಕೇಳುತ್ತಾರೆ.
– ಕಬ್ಬು ಬೆಳೆಗಾರ, ಮುಧೋಳ

ಉತ್ತರ: ಕೊಟ್ಟಿದ್ದು ನಿಜ. 2007ರ ಕಾನೂನಿನಡಿ 2,500 ಕೋಟಿ ಡಾಲರ್‌ವರೆಗೆ ಸಾಲ ಕೊಡುವ ಯೋಜನೆ ಅದು. ಹೆಚ್ಚು ಪಾಲು ಹೊಸ ಕಂಪನಿಗಳಿಗೆ ಹೋಗಲಿಲ್ಲ: ಫೋರ್ಡ್‌ಗೆ 590 ಕೋಟಿ, ನಿಸಾನ್‌ಗೆ ಸುಮಾರು 145 ಕೋಟಿ, ಟೆಸ್ಲಾಗೆ 46.5 ಕೋಟಿ ಡಾಲರ್. ಟೆಸ್ಲಾ 2013ರ ಮೇ 22ರಂದು, ಗಡುವಿಗೆ ಒಂಬತ್ತು ವರ್ಷ ಮುಂಚೆಯೇ, ಬಡ್ಡಿಸಹಿತ ತೀರಿಸಿತು. ಇನ್ನೊಂದು ಹೊಸ ಕಾರು ಕಂಪನಿ ಫಿಸ್ಕರ್‌ಗೆ ಮಂಜೂರಾದದ್ದು ಸುಮಾರು 52.9 ಕೋಟಿ. ಹೇಳಿದ ಹಂತಗಳನ್ನು ಮುಟ್ಟಲಿಲ್ಲವೆಂದು 2011ರಲ್ಲಿ 19.2 ಕೋಟಿಗೇ ಹಣ ನಿಲ್ಲಿಸಿದರು. 2013ರಲ್ಲಿ ಅದು ದಿವಾಳಿಯಾದಾಗ ಸರ್ಕಾರಕ್ಕೆ ಸುಮಾರು 13.9 ಕೋಟಿ ಡಾಲರ್ ನಷ್ಟ.

ಕಂತು ಕಂತಾಗಿ, ಕೆಲಸ ನೋಡಿ ಕೊಟ್ಟಿದ್ದರಿಂದಲೇ ನಷ್ಟ ಅಲ್ಲಿಗೆ ನಿಂತಿತು. ನಮ್ಮ ಆಕ್ಷೇಪ ಇರುವುದು ಲಾಭದ ಕಡೆ. ಟೆಸ್ಲಾದ ಸುಮಾರು 30.9 ಲಕ್ಷ ಶೇರುಗಳನ್ನು ತಲಾ 7.54 ಡಾಲರ್‌ಗೆ ಕೊಳ್ಳುವ ಹಕ್ಕು ಸರ್ಕಾರದ ಒಪ್ಪಂದದಲ್ಲಿತ್ತು, ಆದರೆ ಸಾಲ ಬೇಗ ತೀರಿದರೆ ಆ ಹಕ್ಕು ರದ್ದು. ತೀರಿದ ದಿನ ಶೇರಿನ ಬೆಲೆ 80 ಡಾಲರ್ ದಾಟಿತ್ತು. ಮುಳುಗಿದರೆ ಜನರ ಹಣ, ತೇಲಿದರೆ ಜನರಿಗೆ ಬರೀ ಬಡ್ಡಿ ಎಂದಾಯಿತು. ಬೆಳೆ ಕೈಕೊಟ್ಟಾಗ ಪಾಲು, ಬೆಳೆ ಬಂದಾಗ ಪಾಲಿಲ್ಲ ಎಂದರೆ ಲಾವಣಿಗೆ ಹೊಲ ಕೊಟ್ಟ ಯಾರೂ ಒಪ್ಪುವುದಿಲ್ಲ.

ಭಾರತದ ದಾರಿ ಬೇರೆ. 2021ರ 25,938 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹ ಯೋಜನೆಯಲ್ಲಿ ಹಣ ಬರುವುದು ಮಾರಾಟವಾದ ಮೇಲೆ, ಅದೂ ಕನಿಷ್ಠ 50 ಶೇಕಡಾ ಮೌಲ್ಯ ದೇಶದಲ್ಲೇ ಸೇರಿದ್ದರೆ. 2024ರ ಮಾರ್ಚಿನ ಯೋಜನೆಯಲ್ಲಿ 35,000 ಡಾಲರ್ ಮೇಲಿನ ವಿದೇಶಿ ಎಲೆಕ್ಟ್ರಿಕ್ ಕಾರಿಗೆ 15 ಶೇಕಡಾ ಮಾತ್ರ ಆಮದು ಸುಂಕ. ಅದಕ್ಕೆ ಪ್ರತಿಯಾಗಿ ಮೂರು ವರ್ಷದಲ್ಲಿ 4,150 ಕೋಟಿ ರೂಪಾಯಿ ಹೂಡಬೇಕು, ಬ್ಯಾಂಕ್ ಗ್ಯಾರಂಟಿ ಇಡಬೇಕು. ಬೊಕ್ಕಸಕ್ಕೆ ಇದು ಸುರಕ್ಷಿತ. ಆದರೆ ಮೊದಲೇ ಬಂಡವಾಳ ಇದ್ದವರಿಗಷ್ಟೇ ಇದು ಅನುಕೂಲ, ಹೊಸಬರಿಗೆ ಕಷ್ಟ ಎಂಬುದನ್ನೂ ಹೇಳಲೇಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೊಂಡ ಎಲೆಕ್ಟ್ರಿಕ್ ಕಾರು ಮನೆಯಲ್ಲಿ ಚಾರ್ಜ್ ಆಗುತ್ತ ಅರ್ಧಕ್ಕೆ ನಿಲ್ಲುತ್ತದೆ. ಕಂಪನಿಯವರು ಮನೆಯ ಅರ್ಥಿಂಗ್ ಸರಿಯಿಲ್ಲ ಅನ್ನುತ್ತಾರೆ, ಎಲೆಕ್ಟ್ರಿಷಿಯನ್ ಕಾರಿನದೇ ದೋಷ ಅನ್ನುತ್ತಾರೆ. ಊರಲ್ಲಿ ಡೀಲರ್ ಇಲ್ಲ. ಏನು ಮಾಡಲಿ?
– ಕಿರಾಣಿ ಅಂಗಡಿ ಮಾಲೀಕರು, ಜಮಖಂಡಿ

ಉತ್ತರ: ಮೊದಲು ಅಳೆಯಿರಿ. ಚಾರ್ಜ್ ಆಗುತ್ತಿರುವಾಗಲೇ, ಅದೇ ಲೈನಿನ ಇನ್ನೊಂದು ಸಾಕೆಟ್ಟಿನಲ್ಲಿ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಚ್ಚಲಿ. ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ಥ್ ಹೆಚ್ಚುಕಡಿಮೆ ಒಂದೇ ಇರಬೇಕು, 230 ವೋಲ್ಟಿನ ಆಸುಪಾಸು. ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಹತ್ತು ದಾಟಿದರೆ ದೋಷ ಮನೆಯದು. ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ, ಹಾಗಾಗಿ ಮಳೆಗಾಲದಲ್ಲಿ ಸರಿಯಿದ್ದದ್ದು ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ಗುಂಡಿಗೆ ಇದ್ದಿಲು-ಉಪ್ಪು ತುಂಬಿಸಿ, ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. 3.3 ಕಿಲೋವ್ಯಾಟ್ ಚಾರ್ಜರ್ ಗಂಟೆಗಟ್ಟಲೆ 14-15 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಮೀಟರಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಪ್ಲಗ್ಗು ಮುಟ್ಟಲಾರದಷ್ಟು ಬಿಸಿಯಾದರೆ ಸಾಕೆಟ್ ಸಡಿಲವಾಗಿದೆ. ಬದಲಿಸದೆ ಚಾರ್ಜ್ ಮಾಡಬೇಡಿ.

ಇಷ್ಟೆಲ್ಲ ಸರಿಯಿದ್ದೂ ನಿಂತರೆ ದೋಷ ಚಾರ್ಜರಿನದೋ ಕಾರಿನದೋ. ಮಲ್ಟಿಮೀಟರಿನ ಓದು, ಕಾರಿನ ಪರದೆಯ ಎಚ್ಚರಿಕೆ ಎರಡರ ಫೋಟೊ ತೆಗೆದು ಇಮೇಲ್‌ನಲ್ಲಿ ದೂರು ಕೊಡಿ. ಫೋನಿನ ಮಾತಿಗೆ ದಾಖಲೆಯಿಲ್ಲ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಬಾಗಲಕೋಟೆಯಲ್ಲೇ, ದೂರು ಕೊಡಬಹುದು. ಕಂಪನಿಯ ಕಚೇರಿ ಎಲ್ಲಿದ್ದರೂ ಅಡ್ಡಿಯಿಲ್ಲ. ಕಾರಿಗೆ ಕೊಟ್ಟ ಹಣ 10ರಿಂದ 20 ಲಕ್ಷದೊಳಗಿದ್ದರೆ ಶುಲ್ಕ 400 ರೂಪಾಯಿ. ದೋಷ ಕಂಡ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ಆದ್ದರಿಂದ ಮೊದಲ ಬಾರಿ ಚಾರ್ಜ್ ನಿಂತ ತಾರೀಖನ್ನು ಇವತ್ತೇ ಬರೆದಿಟ್ಟುಕೊಳ್ಳಿ.