ಚಕ್ಕಡಿ ಫೋಟೋ ತೋರ್ಸೂಕಿಂತ ಮೊದ್ಲ ಇದನ್ನ ಓದ್ರಿ

ಪ್ರಶ್ನೆ (ಹಾವೇರಿ, ಪಿಯುಸಿ ಫಸ್ಟ್ ಇಯರ್): ಸರ್, ಅಕ್ಟೋಬರ್ 4ರಿಂದ 10ರ ತನಕ ವಿಶ್ವ ಬಾಹ್ಯಾಕಾಶ ಸಪ್ತಾಹ ಐತಲ್ರಿ, ಕಾಲೇಜಿನ್ಯಾಗ ಹತ್ತು ನಿಮಿಷ ಮಾತಾಡಬೇಕು. ಬಡತನದಾಗ ಇಸ್ರೋದವ್ರು ಸ್ಯಾಟಲೈಟ್ ಚಕ್ಕಡಿಯಾಗ ಹೇರ್ಕೊಂಡು ಲಾಂಚಿಗೆ ಒಯ್ದಿದ್ದು ಹೇಳ್ಲೇನ್ರಿ?

ಬ್ಯಾಡ ತಂಗಿ. ಜಡ್ಜ್ ಅಂತ ನನ್ನ ಎಲ್ಲಿ ಕುಂಡ್ರಿಸಿದ್ರೂ ಐದರಾಗ ಮೂರು ಭಾಷಣ ಇದ, ಅದ್ರಾಗ ಇಬ್ರು ಚಕ್ಕಡಿ ಮ್ಯಾಲೆ ಸ್ಯಾಟಲೈಟ್ ಇರೂ ಆ ಫೋಟೋದಾಗ ಇರೂದು ಆರ್ಯಭಟ ಅಂತಾರ. ಅದು ಆ್ಯಪಲ್ ಅಂತ ಇಸ್ರೋದ್ದ ಸಂಪರ್ಕ ಉಪಗ್ರಹ. ಆರ್ಯಭಟ 1975ರ ಏಪ್ರಿಲ್ 19ಕ್ಕ ಸೋವಿಯತ್ ರಾಕೆಟ್‌ನ್ಯಾಗ ಹೋತು, ಆ್ಯಪಲ್ 1981ರ ಜೂನ್ 19ಕ್ಕ ಫ್ರೆಂಚ್ ಗಯಾನಾದ ಕೌರೂದಿಂದ ಯುರೋಪಿನ ಏರಿಯಾನ್ ರಾಕೆಟ್‌ನ್ಯಾಗ. ಕೌರೂ ತನಕ ಚಕ್ಕಡಿ ಹೂಡ್ಕೊಂಡು ಯಾರ್ ಹೋಗ್ತಾರವಾ?

ಚಕ್ಕಡಿ ತರಿಸಿದ್ದು ಆ್ಯಂಟೆನಾ ಟೆಸ್ಟಿಗೆ. ಲಾರಿ ಮ್ಯಾಲೆ ಇಟ್ರ ಆ್ಯಂಟೆನಾದ ಅಲೆ ಲಾರಿ ತಗಡಿಗೆ ಬಡದು ತಿರುಗಿ ಬರ್ತಾವ, ಅಳತಿ ಎಲ್ಲಾ ಕೆಡ್ತೈತಿ, ಅದಕ್ಕ ಲೋಹ ಕಡಿಮಿ ಇರೂ ಕಟಗಿ ಗಾಡಿ, ಬಯಲು ಜಾಗ. ಲೋಹ ಅಲೆ ತಡಿಯೂದನ್ನ ಸ್ಟೇಜಿನ ಮ್ಯಾಲೆ ಹಿಂಗ ತೋರಿಸು: ಒಂದು ಸಣ್ಣ ಟ್ರಾನ್ಸಿಸ್ಟರ್‌ನ್ಯಾಗ ಆಕಾಶವಾಣಿ ಹಚ್ಚಿ ಅಲ್ಯೂಮಿನಿಯಂ ಡಬರಿಯೊಳಗ ಇಟ್ಟು ಮುಚ್ಚಳ ಮುಚ್ಕೋಂತ ಹೋಗು, ಹಾಡು ಹೋಗಿ ಬರೇ ಗರ್ ಅನ್ನೂ ಸಪ್ಪಳ ಉಳೀತೈತಿ. ಮನ್ಯಾಗ ಮೊದ್ಲ ಮಾಡಿ ನೋಡು, ಡಬರಿ ಬದಲಿ ಸ್ಟೀಲ್ ಡಬ್ಬಿ ಆದ್ರೂ ನಡೀತೈತಿ.

ರೊಕ್ಕ ಕಡಿಮಿ ಇದ್ದಿದ್ದು ಖರೇನ, ಆರ್ಯಭಟ ಕಟ್ಟಿದ್ದು ಪೀಣ್ಯದ ಶೆಡ್ಡಿನ್ಯಾಗ. ಆದ್ರ ಚಕ್ಕಡಿ ಹಿಡಕೊಂಡು ಕಣ್ಣೀರು ಹಾಕ್ಸೂ ಮಂದಿ ಮುಂದಿಂದು ಓದೂದ ಇಲ್ಲ. ಮ್ಯಾಲೆ ಹೋದ ಮ್ಯಾಲೆ ಆ್ಯಪಲ್‌ದ ಒಂದು ಸೋಲಾರ್ ಪ್ಯಾನೆಲ್ ಬಿಚ್ಚಲೇ ಇಲ್ಲ, ಕರೆಂಟ್ ಅರ್ಧ ಆತು, ಹಂಗಿದ್ರೂ ಎರಡು ವರ್ಷದ ಮ್ಯಾಲ ಅದನ್ನ ದುಡಿಸ್ಯಾರ. ನಾನಾದ್ರ ಹತ್ತರಾಗ ಆರು ನಿಮಿಷ ಇದಕ್ಕ ಕೊಡ್ತಿದ್ದೆ. ಇನ್ನೊಂದು, ಆ ವಾರದಾಗ ದಸರಾ ಸೂಟಿ ಬಿದ್ರೂ ಬೀಳ್ತೈತಿ, ತಾರೀಖು ಮೊದ್ಲ ಗಟ್ಟಿ ಮಾಡ್ಕೋ.

ಪ್ರಶ್ನೆ (ಲಕ್ಷ್ಮೇಶ್ವರ ಹತ್ತಿರದ ಹಳ್ಳಿ): ಮಗ ಟೆಂತ್, ಮಗಳು ಸೆವೆಂತ್. ಇಸ್ರೋದವ್ರು ಸಾಲಿ ಮಕ್ಕಳಿಗೆ ನಡೆಸೂ ಯುವ ವಿಜ್ಞಾನಿ ಶಿಬಿರ ಯುವಿಕಾಕ್ಕ ಅರ್ಜಿ ಹಾಕ್ಬೋದಾ?

ಮಗಂದು ಮುಗೀತು, ಅದು ನೈಂತ್‌ನವ್ರಿಗೆ ಅಷ್ಟ. ಮಗಳು ನೈಂತ್‌ಗೆ ಬಂದಾಗ ಹಾಕ್ಬೋದು, ಆಗ ಅಕಿ ಎಂಟನೇ ಕ್ಲಾಸಿನ ಮಾರ್ಕ್ಸ್ ಲೆಕ್ಕಕ್ಕ ಬರ್ತಾವ, ಹಳ್ಳಿ ಸಾಲಿಗೆ ಬ್ಯಾರೇನ ಪಾಯಿಂಟ್ ಅದಾವು, ಖರ್ಚೆಲ್ಲಾ ಇಸ್ರೋದ್ದ.

ಪ್ರಶ್ನೆ (ಧಾರವಾಡ): ನಾಸಾದವ್ರು ಸಂಸ್ಕೃತದಾಗ ಪ್ರೋಗ್ರಾಮ್ ಬರೀತಾರಂತ?

ಇಲ್ರಿ. 1985ರಾಗ ರಿಕ್ ಬ್ರಿಗ್ಸ್ ಅನ್ನೋ ನಾಸಾ ಸಂಶೋಧಕರು ಸಂಸ್ಕೃತ ಮತ್ತ ಕಂಪ್ಯೂಟರ್ ಬಗ್ಗೆ ಒಂದು ಲೇಖನ ಬರದಿದ್ರು, ಉಳಿದದ್ದು ವಾಟ್ಸಾಪ್.

ಪ್ರಶ್ನೆ (ಗದಗ): ಏಜೆಂಟರು 'ನಾಸಾ ಸೆಲೆಕ್ಷನ್' ಅಂತ ಲಕ್ಷಗಟ್ಲೆ ಕೇಳಾಕತ್ಯಾರ, ಕೊಡ್ಲೇನ್ರಿ?

ಸೆಲೆಕ್ಷನ್ ಎಲ್ಲೀದ್ರಿ, ಅದು ಬರೇ ಟೂರು, ಅಮೆರಿಕಾದಾಗಿನ ನಾಸಾದ ಕೆನಡಿ ಸ್ಪೇಸ್ ಸೆಂಟರಿನ ವಿಸಿಟರ್ ಕಾಂಪ್ಲೆಕ್ಸಿಗೆ ಟಿಕೆಟ್ ತಗೊಂಡವ್ರು ಯಾರ್ ಬೇಕಾದ್ರೂ ಹೋಗ್ತಾರ. ನಮ್ಮ ಓಣ್ಯಾಗೂ ಒಬ್ರು ಕಟ್ಯಾರ, ಸರ್ಟಿಫಿಕೇಟ್ ಫ್ರೇಮ್ ಹಾಕಿ ಟಿವಿ ಮ್ಯಾಲೆ ತೂಗಬಿಟ್ಟಾರ, ಸಾಲ ಇನ್ನೂ ಹರದಿಲ್ಲ.