ತಿಂಗಳು ತಿಂಗಳು ದಾನ ಕೊಟ್ಟರೂ ಖುಷಿ ಅನ್ನಿಸುತ್ತಿಲ್ಲ. ಬೆಂಗಳೂರಿನಲ್ಲಿ ಇನ್ನೇನು ಮಾಡಬಹುದು?

ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ತಮಗಾಗಿ ಖರ್ಚು ಮಾಡಿಕೊಂಡವರಿಗಿಂತ ಬೇರೆಯವರಿಗಾಗಿ ಖರ್ಚು ಮಾಡಿದವರಿಗೆ ಜಾಸ್ತಿ ಖುಷಿ ಸಿಗುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಡನ್ ಮತ್ತು ಸಂಗಡಿಗರು 2008ರಲ್ಲೇ ತೋರಿಸಿದ್ದಾರೆ. ಆದರೆ ಖಾತೆಯಿಂದ ಸುಮ್ನೆ ಕಟ್ ಆಗುವ ದುಡ್ಡು ಯಾರಿಗೆ ಸೇರಿತು ಅಂತ ಗೊತ್ತಾಗದಿದ್ದರೆ ಮನಸ್ಸಿಗೆ ತಟ್ಟುವುದಿಲ್ಲ, ಅಲ್ವಾ?

ಒಮ್ಮೆ ಕಣ್ಣು ಕಾಣದ ವಿದ್ಯಾರ್ಥಿಗೆ ಪರೀಕ್ಷೆ ಬರೆದುಕೊಡಿ. ಅವರು ಹೇಳುತ್ತಾರೆ, ನೀವು ಬರೆಯುತ್ತೀರಿ, ಅಷ್ಟೇ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಿಗುವುದರಿಂದ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ಬಿಡುವು ಮಾಡಿಕೊಳ್ಳಿ. ಬರೆಯುವವರ ಓದು ಎಷ್ಟಿರಬೇಕು ಎಂಬ ನಿಯಮ ಪರೀಕ್ಷೆಗೆ ತಕ್ಕಂತೆ ಬೇರೆ ಇರುತ್ತದೆ, ಮೊದಲೇ ಕೇಳಿ. ನಮ್ಮೂರಿನ ಸಮರ್ಥನಂ ಟ್ರಸ್ಟ್ 1997ರಿಂದ ಅಂಗವಿಕಲರ ಜೊತೆ ಕೆಲಸ ಮಾಡುತ್ತಿದೆ, ಅಲ್ಲಿ ವಿಚಾರಿಸಬಹುದು.

ನಾನು ಮೊದಲ ಸಲ ಬರೆದದ್ದು ಒಬ್ಬ ಪಿಯು ಹುಡುಗಿಗೆ. ಇತಿಹಾಸದ ಪೇಪರ್. ನನ್ನ ಕೈ ನೋಯುತ್ತಿತ್ತು, ಅವಳು ತಡವರಿಸದೆ ಹೇಳುತ್ತಲೇ ಇದ್ದಳು. "ಅಕ್ಕಾ, ಏಳನೇ ಪ್ರಶ್ನೆ ಇನ್ನೊಂದ್ಸಲ ಓದ್ತೀರಾ?" ಅಂದಳು. ಆ ದಿನ ಬಸ್ಸಿನಲ್ಲಿ ನಿಂತೇ ಮನೆಗೆ ಬಂದೆ, ಸುಸ್ತೇ ಗೊತ್ತಾಗಲಿಲ್ಲ.

ಅಷ್ಟು ಬಿಡುವಿಲ್ಲ ಅಂದರೆ ರಕ್ತ ಕೊಡಿ. ಆರೋಗ್ಯವಂತ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು.